45ರ ಆಸುಪಾಸಿನಲ್ಲಿ ಕಾರಣವಿಲ್ಲದ ಗಾಬರಿ, ಸಿಡುಕು: ಮುಟ್ಟು ನಿಲ್ಲುವ ಮುಂಚಿನ ಬದಲಾವಣೆಯೇ ಇದು?

ಪ್ರಶ್ನೆ (ಸಿದ್ದಾಪುರದಿಂದ)

ನನಗೀಗ 45 ವರ್ಷ. ಸಿದ್ದಾಪುರದ ಬಳಿ ನಮ್ಮದೊಂದು ಸಣ್ಣ ಕಾಫಿ ತೋಟವಿದ್ದು, ಅದರ ಲೆಕ್ಕಪತ್ರ, ಕೆಲಸದವರ ಬಟವಾಡೆ ಎಲ್ಲವನ್ನೂ ಹದಿನೈದು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಕಳೆದ ಒಂದು ವರ್ಷದಿಂದ ಮುಟ್ಟು ಒಮ್ಮೆ 24 ದಿನಕ್ಕೆ ಬಂದರೆ ಇನ್ನೊಮ್ಮೆ 50 ದಿನಕ್ಕೆ ಬರುತ್ತಿದೆ. ಅದಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ರಾತ್ರಿಯ ಗಾಬರಿ. ಮೂರು ಗಂಟೆಯ ಸುಮಾರಿಗೆ ತಟ್ಟನೆ ಎಚ್ಚರವಾಗುತ್ತದೆ. ಎದೆ ಢವಢವ ಹೊಡೆದುಕೊಳ್ಳುತ್ತಿರುತ್ತದೆ, ಕತ್ತಿನ ಹಿಂಭಾಗ ಬೆವರಿ ಒದ್ದೆಯಾಗಿರುತ್ತದೆ. ಮೊದಮೊದಲು ಅಂಗಳಕ್ಕೆ ಆನೆ ಬಂದಿರಬೇಕೆಂದುಕೊಂಡು ಟಾರ್ಚ್ ಹಿಡಿದು ಕಿಟಕಿಯ ಬಳಿ ನಿಲ್ಲುತ್ತಿದ್ದೆ. ಹೊರಗೆ ಏನೂ ಇರುತ್ತಿರಲಿಲ್ಲ.

ಹಗಲಿನಲ್ಲಿ ಸಣ್ಣ ಮಾತಿಗೂ ಸಿಡುಕು. ಮೊನ್ನೆ ಬಟವಾಡೆಯ ದಿನ ಒಂದೇ ಪುಟವನ್ನು ನಾಲ್ಕು ಸಲ ಕೂಡಿದರೂ ನಾಲ್ಕು ಮೊತ್ತ ಬಂದಾಗ, ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. "ನಮಗೆಲ್ಲ ಇಂಥದ್ದೇನೂ ಆಗಲಿಲ್ಲವಲ್ಲ" ಎನ್ನುತ್ತಾರೆ ಅತ್ತೆ. ಮೈಗೆ ಬಿಸಿ ಝಳ ಹೊಡೆಯುತ್ತದೆಂದು ಕೇಳಿದ್ದೆ. ಮನಸ್ಸೂ ಹೀಗೆ ಕೈತಪ್ಪುತ್ತದೆಂದು ಯಾರೂ ಹೇಳಿರಲಿಲ್ಲ. ಇದು ಮುಟ್ಟಿಗೆ ಸಂಬಂಧಿಸಿದ್ದೋ, ಬೇರೆ ಕಾಯಿಲೆಯೋ ತಿಳಿದವರು ಹೇಳಬೇಕು.

ಉತ್ತರ (ಮಡಿಕೇರಿಯಿಂದ, ನಿವೃತ್ತ ನರ್ಸ್)

ತಂಗಿ, ನೀವು ಬರೆದಿರುವುದರಲ್ಲಿ ಬಹುಪಾಲು ಪೆರಿಮೆನೋಪಾಸ್‌ನ ಲಕ್ಷಣಗಳಿಗೆ ಹೊಂದುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಮುಟ್ಟು ನಿಂತಿದೆ ಎನ್ನುತ್ತಾರೆ. ಅದಕ್ಕೂ ಮುಂಚಿನ ಏರುಪೇರಿನ ಕಾಲವಿದು. ಸಾಮಾನ್ಯವಾಗಿ ನಾಲ್ಕು ವರ್ಷ, ಕೆಲವರಿಗೆ ಎಂಟು ವರ್ಷದವರೆಗೂ ನಡೆಯುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಹತ್ತಿರ ಇರುವುದರಿಂದ, 45 ಎಂಬುದು ಬೇಗವೇನೂ ಅಲ್ಲ.

ಹಾರ್ಮೋನು ಮೆಲ್ಲಮೆಲ್ಲನೆ ಇಳಿದುಹೋಗುತ್ತದೆಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಈ ಹಂತದಲ್ಲಿ ಈಸ್ಟ್ರೋಜನ್ ಒಂದು ವಾರ ಯೌವನದಲ್ಲಿದ್ದುದಕ್ಕಿಂತಲೂ ಮೇಲೇರಿ, ಮುಂದಿನ ವಾರ ಕುಸಿಯಬಹುದು. ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್‌ನ ಕೆಲಸಕ್ಕೆ ಈಸ್ಟ್ರೋಜನ್‌ನ ಒತ್ತಾಸೆ ಇರುವುದರಿಂದ, ಒಂದು ತೂಗಾಡಿದರೆ ಇನ್ನೊಂದೂ ತೂಗಾಡುತ್ತದೆ. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಸರಿಯಾಗಿ ತಯಾರಾಗುವುದೇ ಇಲ್ಲ. ಅದರಿಂದ ಹುಟ್ಟುವ ಅಲೋಪ್ರೆಗ್ನನೊಲೋನ್ ಎಂಬ ವಸ್ತುವು ಮೆದುಳಿನ ಗಾಬಾ ಎಂಬ ಶಮನ ವ್ಯವಸ್ಥೆಗೆ ಬಲ ಕೊಡುತ್ತದೆ, ಅಂದರೆ ನರಮಂಡಲದ ಬ್ರೇಕಿನಂತೆ ಕೆಲಸ ಮಾಡುತ್ತದೆ. ಬ್ರೇಕು ಸಡಿಲವಾದಾಗ ನಿನ್ನೆಯವರೆಗೆ ಸಲೀಸಾಗಿ ತಡೆದುಕೊಂಡಿದ್ದ ಒತ್ತಡವೇ ಇಂದು ತಡೆಯಲಾಗದಂತೆ ಅನ್ನಿಸುತ್ತದೆ.

ಇನ್ನು ರಾತ್ರಿಯ ವಿಷಯ. ಮೈಯ ಶಾಖವನ್ನು ಕಾಯುವ ಹೈಪೋಥಲಮಸ್ ಎಂಬ ಮೆದುಳಿನ ಭಾಗ ಈ ಕಾಲದಲ್ಲಿ ಅತಿಸೂಕ್ಷ್ಮವಾಗಿ, ಮೈ ಕೊಂಚ ಬೆಚ್ಚಗಾದರೂ ವಿಪರೀತ ಕಾವೇರಿತೆಂದು ತಪ್ಪಾಗಿ ಲೆಕ್ಕ ಹಾಕುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಬೆವರು ಒಡೆಯುತ್ತದೆ, ಎದೆಬಡಿತ ಏರುತ್ತದೆ. ಮೈ ಮೊದಲು ಗಾಬರಿಗೊಂಡಿರುತ್ತದೆ, ಮನಸ್ಸು ಆಮೇಲೆ ಅದಕ್ಕೊಂದು ಕಾರಣ ಹುಡುಕುತ್ತದೆ. ನಿಮಗೆ ಆನೆ ಸಿಕ್ಕಿತು. ನನಗೆ ಆ ವಯಸ್ಸಿನಲ್ಲಿ ಮಗನ ಪರೀಕ್ಷೆ ಸಿಕ್ಕಿತ್ತು. ಹೀಗೆ ದಿನವೂ ನಿದ್ದೆ ಮುರಿದರೆ ಮರುದಿನ ಲೆಕ್ಕ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ. ಬಾಣಂತನದಲ್ಲಿ ಖಿನ್ನತೆ ಕಂಡವರಿಗೆ, ಮುಟ್ಟಿನ ಮುಂಚೆ ಮನಸ್ಸು ತೀರ ಕೆಡುತ್ತಿದ್ದವರಿಗೆ ಈ ಕಾಲ ಹೆಚ್ಚು ಕಷ್ಟವಾಗುವುದುಂಟು.

ಹಾಗೆಂದು ಎಲ್ಲವನ್ನೂ ಇದರ ತಲೆಗೇ ಕಟ್ಟಬೇಡಿ. ಥೈರಾಯ್ಡ್ ಹೆಚ್ಚಾದರೂ ರಕ್ತಹೀನತೆಯಿದ್ದರೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಬಿ12, ಸಕ್ಕರೆ, ಒಂದು ಇಸಿಜಿ ಮಾಡಿಸಿ. 45 ದಾಟಿದವರಿಗೆ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅದು ದಿನಕ್ಕೊಂದು ಥರ ಇರುವುದರಿಂದ ಒಂದು ದಿನದ ಅಂಕಿಯನ್ನು ನಂಬುವಂತಿಲ್ಲ. ಎದೆನೋವು, ತಲೆಸುತ್ತಿ ಬೀಳುವುದು, ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ಸ್ರಾವ ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಮುಟ್ಟು ಪೂರ್ತಿ ನಿಲ್ಲುವವರೆಗೆ ಗರ್ಭ ಧರಿಸುವ ಸಾಧ್ಯತೆಯೂ ಇದೆ ಎಂಬುದನ್ನು ಮರೆಯಬೇಡಿ.

ಉತ್ತರ (ಸೋಮವಾರಪೇಟೆಯಿಂದ)

ಮೇಲಿನ ಅಕ್ಕನವರು ಹೇಳಿದ ಪರೀಕ್ಷೆಗಳನ್ನು ಮಾಡಿಸಿ, ಆದರೆ ವರದಿ ಚೆನ್ನಾಗಿದೆ ಎಂದ ಮಾತ್ರಕ್ಕೆ "ನಿಮಗೇನೂ ಇಲ್ಲ" ಎಂಬ ಮಾತನ್ನು ಒಪ್ಪಿಕೊಂಡು ಬರಬೇಡಿ. ನಾನು ಹಾಗೆ ಬಂದು ಎರಡು ವರ್ಷ ಕಳೆದುಕೊಂಡೆ. ಒಂದು ಕಡೆ ನಿದ್ದೆಮಾತ್ರೆ ಬರೆದುಕೊಟ್ಟರೇ ಹೊರತು, ಮುಟ್ಟಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲೇ ಮುಟ್ಟಿನ ದಿನ, ಎಚ್ಚರವಾದ ಹೊತ್ತು, ಸಿಡುಕಿನ ದಿನ ಗುರುತು ಮಾಡುತ್ತ ಹೋದೆ. ಮೂರು ತಿಂಗಳ ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ, ಇನ್ನೊಬ್ಬ ಸ್ತ್ರೀರೋಗ ತಜ್ಞೆಗೆ ಐದು ನಿಮಿಷದಲ್ಲಿ ವಿಷಯ ತಿಳಿಯಿತು.

ಹಾರ್ಮೋನು ಚಿಕಿತ್ಸೆಯೆಂದರೆ ನಮ್ಮಲ್ಲಿ ಹೆದರುವವರೇ ಹೆಚ್ಚು. ಆ ಹೆದರಿಕೆ ಬಹುಮಟ್ಟಿಗೆ ಅಮೆರಿಕದಲ್ಲಿ 2002ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನದಿಂದ ಹರಡಿದ್ದು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63 ಆಗಿತ್ತು. 60ರೊಳಗಿನ, ಇತರ ತೊಂದರೆಯಿಲ್ಲದವರಲ್ಲಿ ಬಿಸಿ ಝಳ, ಬೆವರು, ಅದರಿಂದ ಕೆಡುವ ನಿದ್ದೆಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ಈಗ ವೈದ್ಯರು ಹೇಳುತ್ತಾರೆ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳುವಂತಿಲ್ಲ, ಜೊತೆಗೆ ಪ್ರೊಜೆಸ್ಟರಾನ್ ಬೇಕು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು ಆಗಿದ್ದವರಿಗೆ ದಾರಿ ಬೇರೆ. ನಾನು ಹಾರ್ಮೋನು ತೆಗೆದುಕೊಳ್ಳಲಿಲ್ಲ. ಸಿಬಿಟಿ ಎಂಬ ಆಪ್ತಸಮಾಲೋಚನೆಯ ಎಂಟು ಭೇಟಿಗಳಿಂದ ನನಗೆ ಸಾಕಷ್ಟು ಗುಣ ಕಂಡಿತು.

ಕಾಫಿಯ ಮಾತು ಹೇಳಿದರೆ ಕೊಡಗಿನಲ್ಲಿ ಯಾರಿಗೂ ಹಿಡಿಸುವುದಿಲ್ಲ. ಆದರೆ ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ, ರೋಬಸ್ಟಾದಲ್ಲಂತೂ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್. ಸಂಜೆ ಐದರ ಬೆಲ್ಲದ ಕಾಫಿಯನ್ನು ಬಿಟ್ಟ ಎರಡನೇ ವಾರ ನನಗೆ ವ್ಯತ್ಯಾಸ ತಿಳಿಯಿತು. ಮನೆಯಲ್ಲಿ ಮಾಡಿದ ವೈನು ನಿದ್ದೆ ತರಿಸಿದಂತೆ ಮಾಡಿ ನಡುರಾತ್ರಿ ಎಬ್ಬಿಸುತ್ತದೆ, ಅದನ್ನೂ ಗಮನಿಸಿ.

ಉತ್ತರ (ವಿರಾಜಪೇಟೆಯಿಂದ)

ಗಂಡಸಾಗಿ ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ನನ್ನ ಹೆಂಡತಿಯ ಸಿಡುಕನ್ನು ನಾನು ಎರಡು ವರ್ಷ ನನ್ನ ಮೇಲಿನ ಸಿಟ್ಟೆಂದೇ ತಿಳಿದು ಜಗಳವಾಡಿದೆ. ಬದುಕೇ ಬೇಡವೆಂದು ಅವಳು ಒಂದು ರಾತ್ರಿ ಹೇಳಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದೆವು, ಕನ್ನಡದಲ್ಲೇ ಮಾತನಾಡಿದರು. ಅಂಥ ಯೋಚನೆ ಬಂದರೆ ಮುಟ್ಟಿನದೇ ತೊಂದರೆಯೆಂದು ಸುಮ್ಮನಿರಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಥೈರಾಯ್ಡ್ ಸರಿಯಾಗಿದೆ, ಇಸಿಜಿಯೂ ಸರಿಯಾಗಿದೆ. ಫೆರಿಟಿನ್ ತೀರ ಕಡಿಮೆಯಿದ್ದುದರಿಂದ ಕಬ್ಬಿಣಾಂಶದ ಮಾತ್ರೆ ಆರಂಭಿಸಿದ್ದಾರೆ. ಅತ್ತೆಯವರಿಗೆ ಮೇಲಿನ ಉತ್ತರಗಳನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ವಯಸ್ಸಿನಲ್ಲಿ ತಾವೂ ಎಷ್ಟೋ ರಾತ್ರಿ ಎದ್ದು ಹಿತ್ತಿಲ ಕಟ್ಟೆಯ ಮೇಲೆ ಕೂರುತ್ತಿದ್ದುದಾಗಿಯೂ, ಯಾರಿಗೂ ಹೇಳಿರಲಿಲ್ಲವೆಂದೂ ಹೇಳಿದರು. ಈ ತಿಂಗಳ ಬಟವಾಡೆಯ ಲೆಕ್ಕವನ್ನು ಮಗಳ ಕೈಯಲ್ಲಿ ಇನ್ನೊಮ್ಮೆ ಕೂಡಿಸಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಶುರುಮಾಡಿದ್ದೇನೆ. ಮೂರು ತಿಂಗಳಾದ ಮೇಲೆ ಸ್ತ್ರೀರೋಗ ತಜ್ಞರನ್ನು ಕಂಡು, ಹಾರ್ಮೋನಿನ ವಿಷಯ ಏನು ಹೇಳಿದರೆಂದು ಇಲ್ಲಿಯೇ ಬರೆಯುತ್ತೇನೆ.