ಸಿಇಟಿ ಬರದವರು ಹೇಳ್ರಿ, ಮುಂದಿನ ವರ್ಷ ನನ್ನ ಪಾಳಿ

ನಾನು ಶಿರಹಟ್ಟಿ ಕಡೆ ಹಳ್ಳಿಯಾಕಿ. ಎಸ್ಸೆಸ್ಸೆಲ್ಸಿ ತನಕ ಊರಾಗಿನ ಕನ್ನಡ ಸಾಲ್ಯಾಗ ಕಲ್ತು, ಈಗ ಗದಗಿನಾಗ ಪಿಯು ಸೈನ್ಸ್ ಮಾಡಾಕತ್ತೀನಿ. ಮನ್ಯಾಗ ಸಿಇಟಿ, ಅಂದ್ರ ಎಂಜಿನಿಯರಿಂಗ್‌ನಂಥ ಕೋರ್ಸಿನ ಪ್ರವೇಶ ಪರೀಕ್ಷೆ, ಬರದವರು ಯಾರೂ ಇಲ್ಲ. ಟೈಮ್ ಹೆಂಗ ಹೊಂದಿಸಿದ್ರಿ, ಎಲ್ಲಿ ಎಡವಿದ್ರಿ, ಅಕ್ಕಾರು ಅಣ್ಣಾರು ಹೇಳ್ರಿ.

ಗದಗ, 2024ರಾಗ ಬರದಾಕಿ:

ತಂಗಿ, ನಾ ಬರದದ್ದು ಧಾರವಾಡದಾಗ, ಏಪ್ರಿಲ್ 18 ಮತ್ತ 19ಕ್ಕ. ಮೊದಲನೇ ದಿನ ಬಯಾಲಜಿ, ಮ್ಯಾಥ್ಸ್. ಮರುದಿನ ಫಿಸಿಕ್ಸ್, ಕೆಮಿಸ್ಟ್ರಿ. ಪೇಪರಿಗೆ 60 ಪ್ರಶ್ನೆ, 80 ನಿಮಿಷ. ಕೇಳಾಕ ಸಾಕಷ್ಟು ಅನಸತೈತಿ, ಆದ್ರ ಒಂದು ಇಂಟಿಗ್ರೇಶನ್ ಲೆಕ್ಕ ಹಿಡದು ಕುಂತ್ರ ನಾಲ್ಕು ನಿಮಿಷ ಹೋಗಿದ್ದ ಗೊತ್ತಾಗಂಗಿಲ್ಲ. ಕೈಗಡಿಯಾರ ಒಳಗ ಬಿಡೂದಿಲ್ಲ. ಅದಕ್ಕ ಮನ್ಯಾಗ ಹಳೇ ಪೇಪರ್ ಬಿಡಸುವಾಗ 20 ಪ್ರಶ್ನೆ ಆದಮ್ಯಾಲೆ ಎಷ್ಟು ಹೊತ್ತಾಗಿರಬೇಕು ಅಂತ ಮೊದಲ ಅಂದಾಜು ಮಾಡು, ಆಮ್ಯಾಲೆ ಗಡಿಯಾರ ನೋಡು. ಎರಡು ತಿಂಗಳಿನಾಗ ಅಂದಾಜು ಕೂಡಿ ಬರತೈತಿ.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಂದದ್ದು ಓಎಂಆರ್ ಬಗ್ಗೆ, ಅಂದ್ರ ಗುಂಡು ತುಂಬೂ ಉತ್ತರದ ಹಾಳಿ. ನನ್ನ ಗೆಳತಿ 23ನೇ ಪ್ರಶ್ನೆ ಆಮ್ಯಾಲೆ ಮಾಡೂಣು ಅಂತ ಬಿಟ್ಲು. 24ರ ಉತ್ತರ ಹೋಗಿ 23ರ ಸಾಲಿನಾಗ ತುಂಬಿದ್ಲು. 31 ಮುಗಸಿದಮ್ಯಾಲೆ ಗೊತ್ತಾತು. ಬಾಲ್ ಪೆನ್ನಿನ ಗುಂಡು, ಅಳಸಾಕ ಬರೂದಿಲ್ಲ. ಹೊರಗ ಬಂದು ತನ್ನ ಕಾರ್ಬನ್ ಪ್ರತಿ ನನ್ನ ಮುಂದ ಹಿಡದು, ಆ ಎಂಟೂ ಗುಂಡು ಒಂದೊಂದ ಬೆರಳಿಟ್ಟು ತೋರಿಸಿದ್ಲು. ಎಂಟಕ್ಕೆಂಟು ಆಕಿಗೆ ಗೊತ್ತಿದ್ದ ಉತ್ತರ. ನನ್ನ ಹೊಟ್ಟ್ಯಾಗ ಸಂಕಟ ಆತು. ನಾ ಐದೈದು ಪ್ರಶ್ನೆ ಬಿಡಿಸಿ, ನಂಬರು ತುಟಿಯೊಳಗ ಅಂದ್ಕೋತ ತುಂಬತಿದ್ದೆ. ನೀನೂ ಹಂಗ ಮಾಡು. ತಪ್ಪಿಗೆ ಅಂಕ ಕಳೆಯೂದಿಲ್ಲ, ಅದಕ್ಕ ಕಡೀಕ ಒಂದು ಸಾಲೂ ಖಾಲಿ ಬಿಡಬ್ಯಾಡ.

ನಮ್ಮ ವರ್ಷ ಸಿಲೆಬಸ್‌ನಾಗ ಇಲ್ಲದ ಪ್ರಶ್ನೆ ಬಂದಿದ್ವು. ಮುಂದ ನಾಲ್ಕೂ ವಿಷಯದಾಗ ಸೇರಿ 50 ಪ್ರಶ್ನೆ ಲೆಕ್ಕದಿಂದ ಕೈಬಿಟ್ರು. ಹಾಲ್‌ನಾಗ ಕುಂತಾಗ ಅದು ಯಾರಿಗೆ ಗೊತ್ತಿತ್ತು? ಅಂಥವನ್ನ ಜಗ್ಗಾಡಿದವರಿಗೆ ಬರೋ ಪ್ರಶ್ನೆಗೇ ಟೈಮ್ ಸಾಲಲಿಲ್ಲ. ಓದಿದ್ದ ನೆನಪ ಇಲ್ಲಂದ್ರ ಒಂದು ಗುರುತು ಹಾಕಿ ಮುಂದ ನಡಿ.

ಇನ್ನ ಒಂದು. ಫಿಸಿಕ್ಸ್ ಮುಗದು ಕೆಮಿಸ್ಟ್ರಿ ಶುರು ಆಗೂ ನಡುವ ಬೇವಿನ ಗಿಡದ ನೆರಳಿಗೆ ಕುಂತು ಉತ್ತರ ತಾಳೆ ನೋಡಿದ್ವಿ. "14ಕ್ಕ ನಿಂದೇನು?" ಅಂದ್ರ ಒಬ್ಬಾಕಿ ಬಿ, ಒಬ್ಬಾಕಿ ಡಿ. ಎದಿ ಡವಡವ. ಅರ್ಧ ತಾಸು ಕಳದಮ್ಯಾಲೆ ತಿಳೀತು, ನಮ್ಮ ನಮ್ಮ ವರ್ಷನ್ ಕೋಡೇ ಬ್ಯಾರೆ, ನನ್ನ 14 ಆಕಿಗೆ 37. ಕಟ್ಟಿಕೊಂಡು ಬಂದಿದ್ದ ಚಪಾತಿ ಹಂಗ ಉಳೀತು. ಕೀ ಉತ್ತರ ಹೆಂಗೂ ಬಿಡತಾರ, ಆಕ್ಷೇಪಣೆಗೂ ಅವಕಾಶ ಇರತೈತಿ. ಮಧ್ಯಾಹ್ನ ಉಂಡು ಸುಮ್ಮನ ಕೂಡು, ತಂಗಿ.

ಹಾವೇರಿ, ಈಗ ಹುಬ್ಬಳ್ಳ್ಯಾಗ ಬಿಇ ಓದಾವ:

ಅಕ್ಕಾರು ಹೇಳಿದ್ದು ಖರೆ. ನಾ ಎಡವಿದ್ದು ಬ್ಯಾರೆ ಕಡೆ. ಸಿಇಟಿ ಗುಂಗಿನಾಗ ಪಿಯು ಬೋರ್ಡ್ ಪರೀಕ್ಷೆ ಹಗುರ ತಗೊಂಡೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುದಾಗಿನ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅರ್ಧ, ಸಿಇಟಿಯಾಗಿನ ಅವೇ ಮೂರು ವಿಷಯ ಅರ್ಧ. ಇಬ್ಬರಿಗೂ ಸಿಇಟಿಯಾಗ 180ಕ್ಕ 90 ಬಂದೈತಿ ಅಂತ ಹಿಡಿ. ಪಿಯುದಾಗ 300ಕ್ಕ 285 ತಗೊಂಡಾವಂದು 72.5 ಆಗತೈತಿ, 225 ತಗೊಂಡಾವಂದು 62.5. ನಾ ಆ ಎರಡನೇದಾವ. ಬೇಕಂದ ಬ್ರ್ಯಾಂಚ್ ಸಿಗಲಿಲ್ಲ.

ಧಾರವಾಡ, ಮಗಳನ್ನ ಬರಿಸಿದ ತಾಯಿ:

ಅವ್ವಾ, ನೀ ಹಳ್ಳಿಯಾಗ ಕನ್ನಡದಾಗ ಕಲ್ತಾಕಿ. ಒಂದರಿಂದ ಹತ್ತರ ತನಕ ಹಂಗ ಓದಿದ್ರ ಗ್ರಾಮೀಣಕ್ಕ ಶೇಕಡಾ 15, ಕನ್ನಡ ಮಾಧ್ಯಮಕ್ಕ ಶೇಕಡಾ 5 ಮೀಸಲು ಐತಿ. ವ್ಯಾಸಂಗ ಪ್ರಮಾಣಪತ್ರಕ್ಕ ಹೆಡ್‌ಮಾಸ್ತರ ಸಹಿ ಆದಮ್ಯಾಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲುಸಹಿನೂ ಬೇಕು. ಅರ್ಜಿ ತುಂಬೂ ಹೊತ್ತಿಗೆ ಓಡಾಡಬ್ಯಾಡ, ಈ ದಸರಾ ರಜಾದಾಗ ಊರಿಗೆ ಹೋದಾಗ ಹೆಡ್‌ಮಾಸ್ತರನ ಕಂಡು ಬಾ. ಧಾರವಾಡದ ಸೆಂಟರ್ ಬಂತಂದ್ರ ಹುಬ್ಬಳ್ಳಿತನಕ ಬಂದು ಚಿಗರಿ ಬಸ್ ಹತ್ತು, ಆದ್ರ ಮೊದಲನೇ ಪೇಪರಿನ ಹಿಂದಿನ ಸಂಜಿನ ಬಾ. ಏಪ್ರಿಲ್ ಬಿಸಲಿನಾಗ ಊರಿಂದ ಬೆಳಿಗ್ಗೆ ಹೊಂಟು ಬಂದ ಹುಡುಗ್ಯಾರ ಮಾರಿ ನೋಡೀನಿ, ಪೇಪರ್ ಕೈಗೆ ಬರೂದರಾಗ ದಣದಿರತಾವ.