ಮೊದಲ ಸಲ ಪ್ರೈಮರಿಗೆ ವೋಟು: ಮನಸ್ಸಿಗೆ ಒಪ್ಪಿದವರಿಗಾ, ಗೆಲ್ಲುವವರಿಗಾ?

ಪ್ರಶ್ನೆ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಅಮೆರಿಕಕ್ಕೆ ಬಂದು ಹದಿನೇಳು ವರ್ಷವಾಯಿತು, ಹೋದ ತಿಂಗಳು ಸಿಟಿಜನ್‌ಶಿಪ್ ಪ್ರಮಾಣ ಮುಗಿಯಿತು. 2028ರ ಅಧ್ಯಕ್ಷರ ಚುನಾವಣೆಗೆ ಮಾತ್ರವಲ್ಲ, ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವ ಪ್ರೈಮರಿಗೂ ವೋಟು ಹಾಕಬೇಕು ಅಂತ ಆಸೆ. ಊರಲ್ಲಿ ಬಿ ಫಾರಂ ಯಾರಿಗೆ ಅಂತ ಮೇಲಿನವರು ತೀರ್ಮಾನಿಸುತ್ತಿದ್ದರು, ನಾವು ಪೇಪರಿನಲ್ಲಿ ಓದುತ್ತಿದ್ದೆವು. ಇಲ್ಲಿ ಅದನ್ನು ನಮ್ಮನ್ನೇ ಕೇಳುತ್ತಾರೆ ಅನ್ನುವುದೇ ನನಗೆ ದೊಡ್ಡ ವಿಷಯ.

ಆದರೆ ನೋಂದಣಿ ಫಾರಂ ತುಂಬುವಾಗ 'ಪಕ್ಷ ಯಾವುದು' ಅಂತ ಕೇಳಿತು. ಅಲ್ಲೇ ನಿಂತಿದ್ದೇನೆ. ಇನ್ನೊಂದು ವಿಷಯ, ನಮ್ಮವರು ಗೆಲ್ಲುವ ಕುದುರೆಗೆ ಹಾಕು ಅನ್ನುತ್ತಾರೆ. ನನಗೆ ಮನಸ್ಸಿಗೆ ಒಪ್ಪಿದವರಿಗೆ ಹಾಕಬೇಕು ಅಂತ. ನೀವೆಲ್ಲ ಹೇಗೆ ಮಾಡಿದಿರಿ?

ಸನ್ನಿವೇಲ್‌ನಿಂದ

ಅಕ್ಕಾ, ಅಭಿನಂದನೆ! ನಾನೂ ನಿಮ್ಮದೇ ಕೌಂಟಿ. ನನ್ನ ಮೊದಲ ಪ್ರೈಮರಿ 2020ರದ್ದು. ಅದರಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ಫೆಬ್ರವರಿ ಮೊದಲ ವಾರದಲ್ಲೇ ಅಂಚೆಯಲ್ಲಿ ಬ್ಯಾಲಟ್ ಬಂತು. ಡೆಮಾಕ್ರಟಿಕ್ ಪಕ್ಷದ ಉದ್ದದ ಪಟ್ಟಿ. ನನಗೆ ಪೀಟ್ ಬುಟಿಜೆಜ್ ಹಿಡಿಸಿದ್ದರು. ಒಂದೊಂದು ರಾಜ್ಯದ ಸರದಿ ಒಂದೊಂದು ದಿನ. ಎಲ್ಲಕ್ಕಿಂತ ಮೊದಲು ನಡೆದ ಅಯೋವಾದಲ್ಲಿ ಅವರು ಚೆನ್ನಾಗಿ ಮಾಡಿದ್ದರು ಕೂಡ. ಅದೇ ವಾರ ಗುರುತು ಹಾಕಿ ಡಬ್ಬಿಗೆ ಹಾಕಿಬಿಟ್ಟೆ. ಫೆಬ್ರವರಿ 29ಕ್ಕೆ ಸೌತ್ ಕ್ಯಾರೊಲಿನಾದಲ್ಲಿ ಜೋ ಬೈಡನ್ ಭಾರೀ ಅಂತರದಲ್ಲಿ ಗೆದ್ದರು. ಮಾರನೇ ದಿನ ಸಂಜೆ ಬುಟಿಜೆಜ್ ಕಣದಿಂದ ಹಿಂದೆ ಸರಿದರು. ಅದರ ಮಾರನೇ ದಿನ ಏಮಿ ಕ್ಲೋಬುಚಾರ್. ನಮ್ಮ ರಾಜ್ಯದ ಮತದಾನ ಮಾರ್ಚ್ 3ಕ್ಕೆ! ಕಳಿಸಿದ ಬ್ಯಾಲಟ್ ವಾಪಸ್ ಪಡೆಯುವ ದಾರಿ ಇಲ್ಲ. ನನ್ನ ವೋಟು ಎಣಿಕೆಯಾಯಿತು, ಆದರೆ ಕಣದಲ್ಲೇ ಇಲ್ಲದವರಿಗೆ. ಅವತ್ತು ರಾತ್ರಿ ತುಂಬಾ ಬೇಜಾರಾಗಿತ್ತು.

ಅದಕ್ಕೇ ಹೇಳುವುದು, ಬ್ಯಾಲಟ್ ಬೇಗ ಬಂತು ಅಂತ ಬೇಗ ಕಳಿಸಬೇಕಿಲ್ಲ. ಕೊನೆಯ ಎರಡು ಮೂರು ದಿನ ಉಳಿದಾಗ ಡ್ರಾಪ್ ಬಾಕ್ಸಿಗೆ ಹಾಕಿ. ಮತದಾನದ ದಿನ ರಾತ್ರಿ 8 ಗಂಟೆ ತನಕ ತಗೊಳ್ಳುತ್ತಾರೆ.

ಇನ್ನು ಪಕ್ಷದ ವಿಷಯ. 'ಯಾವ ಪಕ್ಷವೂ ಬೇಡ' ಅಂತ ಬರೆದರೂ ನಡೆಯುತ್ತದೆ. ಆದರೆ ಆಗ ನಿಮಗೆ ಬರುವ ಬ್ಯಾಲಟ್‌ನಲ್ಲಿ ಅಧ್ಯಕ್ಷರ ಸಾಲೇ ಇರುವುದಿಲ್ಲ, ಬೇಕಾದ ಪಕ್ಷದ ಬ್ಯಾಲಟ್ ನೀವೇ ಕೇಳಿ ತರಿಸಿಕೊಳ್ಳಬೇಕು. 2020 ಮತ್ತು 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಹಾಗೆ ಕೊಟ್ಟಿತು. ರಿಪಬ್ಲಿಕನ್ ಪಕ್ಷ ಕೊಡಲಿಲ್ಲ, ಅದರಲ್ಲಿ ನೋಂದಾಯಿಸಿದವರಿಗೆ ಮಾತ್ರ. ಫಾರಂನಲ್ಲಿ 'ಅಮೆರಿಕನ್ ಇಂಡಿಪೆಂಡೆಂಟ್' ಅಂತ ಒಂದು ಹೆಸರು ಕಾಣುತ್ತದೆ. ಅದು ಬೇರೆಯೇ ಒಂದು ಪಕ್ಷ. ಪಕ್ಷೇತರ ಅಂದುಕೊಂಡು ಅದಕ್ಕೆ ಟಿಕ್ ಮಾಡಿದವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ.

ನ್ಯೂಯಾರ್ಕ್, ಕ್ವೀನ್ಸ್‌ನಿಂದ

ಪಕ್ಷದ ನೋಂದಣಿಯನ್ನು ಹಗುರವಾಗಿ ತಗೊಳ್ಳಬೇಡಿ. ನಮ್ಮಲ್ಲಿ ಪಕ್ಷಕ್ಕೆ ಸೇರಿದವರಿಗೆ ಮಾತ್ರ ಪ್ರೈಮರಿ. 2016ರ ಏಪ್ರಿಲ್ ಪ್ರೈಮರಿಗೆ ಪಕ್ಷ ಬದಲಿಸಬೇಕಿದ್ದರೆ 2015ರ ಅಕ್ಟೋಬರ್‌ನಲ್ಲೇ ಬದಲಿಸಬೇಕಿತ್ತು. ನಾನು ಜನವರಿಯಲ್ಲಿ ಎಚ್ಚರವಾದೆ. ಟ್ರಂಪ್ ಅವರ ಮಕ್ಕಳು ಇವಾಂಕಾ ಮತ್ತು ಎರಿಕ್ ಕೂಡ ಅದೇ ಗಡುವು ತಪ್ಪಿಸಿಕೊಂಡು ಅಪ್ಪನಿಗೆ ವೋಟು ಹಾಕಲಾಗಲಿಲ್ಲ. 2019ರಲ್ಲಿ ಕಾನೂನು ಬದಲಾಗಿ ಗಡುವು ಫೆಬ್ರವರಿ 14ಕ್ಕೆ ಬಂತು. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಬೇರೆ ರಾಜ್ಯದ ನೆಂಟರ ಮಾತು ಕೇಳಿ ಹೊರಡಬೇಡಿ.

ಅಯೋವಾ, ಡೆ ಮೊಯಿನ್ ಹತ್ತಿರದಿಂದ

ಮನಸ್ಸಿಗೆ ಒಪ್ಪಿದವರಾ, ಗೆಲ್ಲುವವರಾ ಅಂತ ಕೇಳಿದಿರಲ್ಲ. 2020ರ ಫೆಬ್ರವರಿ 3ರ ರಾತ್ರಿ ನಾನು ಇದೇ ಪ್ರಶ್ನೆ ಹೊತ್ತು ಶಾಲೆಯೊಂದರ ಜಿಮ್‌ನಲ್ಲಿ ನಿಂತಿದ್ದೆ. ಆಗ ನಮ್ಮಲ್ಲಿ ಕಾಕಸ್. ಗುಟ್ಟಿನ ವೋಟು ಅಲ್ಲ. ಯಾರಿಗೆ ಬೆಂಬಲವೋ ಅವರ ಮೂಲೆಗೆ ಹೋಗಿ ಎಲ್ಲರ ಎದುರಿಗೆ ನಿಲ್ಲಬೇಕು. ಗುಂಪಿನಲ್ಲಿ ಒಟ್ಟು ಬಂದವರ ಶೇ. 15 ಜನ ಇರಬೇಕು. ಇಲ್ಲದಿದ್ದರೆ ಬೇರೆ ಗುಂಪು ಸೇರಬೇಕು, ಇಲ್ಲವೇ ನಿಮ್ಮ ಗುಂಪಿಗೇ ಜನ ಎಳೆಯಬೇಕು.

ನಾನು ಆಂಡ್ರ್ಯೂ ಯಾಂಗ್ ಮೂಲೆಯಲ್ಲಿದ್ದೆ. ನಮಗೆ ಬೇಕಾದದ್ದು ಮೂವತ್ತೊಂದು, ಇದ್ದದ್ದು ಇಪ್ಪತ್ತೆರಡು. ಎದುರು ಮನೆಯ ರಿಟೈರ್ಡ್ ಟೀಚರ್ ಒಬ್ಬರು, ಇನ್ನೊಬ್ಬ ಅಭ್ಯರ್ಥಿ ಎಲಿಜಬೆತ್ ವಾರನ್ ಅವರ ಗುಂಪಿನಿಂದ ನಡೆದು ಬಂದರು. "ನಿನ್ನ ಎರಡನೇ ಆಯ್ಕೆ ಯಾರು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ತಿಂಗಳು ಒಬ್ಬರ ಬಗ್ಗೆಯೇ ಓದಿದ್ದೆ, ಇನ್ನೊಬ್ಬರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಮಕ್ಕಳ ಡೇಕೇರ್ ಖರ್ಚಿನ ಬಗ್ಗೆ ಅವರು ಹತ್ತು ನಿಮಿಷ ಮಾತಾಡಿದರು. ನಾನು ಅವರ ಜೊತೆ ಹೋದೆ. ಆ ಹತ್ತು ನಿಮಿಷ ನಾನು ಮರೆಯುವುದಿಲ್ಲ. ಎಷ್ಟೋ ವರ್ಷ ಎದುರುಬದುರು ಮನೆಯಲ್ಲಿದ್ದೂ ಅಷ್ಟು ಮಾತಾಡಿರಲಿಲ್ಲ.

ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು ಆ ರಾತ್ರಿ ಯಾರು ಗೆದ್ದರು ಅಂತಲೇ ಗೊತ್ತಾಗಲಿಲ್ಲ. 2024ಕ್ಕೆ ಡೆಮಾಕ್ರಟಿಕ್ ಪಕ್ಷ ಆ ಪದ್ಧತಿಯನ್ನೇ ಬಿಟ್ಟು ಅಂಚೆ ವೋಟಿಗೆ ಹೋಯಿತು.

ನಿಮ್ಮಲ್ಲಿ ಮೂಲೆ ಹಿಡಿದು ನಿಲ್ಲುವುದಿಲ್ಲ, ಆದರೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಆ ಶೇ. 15ರ ಗೆರೆ ಎಲ್ಲ ಕಡೆಯೂ ಇದೆ. ಅದರ ಕೆಳಗಿದ್ದವರಿಗೆ ಡೆಲಿಗೇಟ್, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು, ಸಿಗುವುದಿಲ್ಲ. ಅದಕ್ಕೇ ಮೊದಲ ಹೆಸರು ಮನಸ್ಸಿಗೆ ಒಪ್ಪಿದವರದ್ದೇ ಇರಲಿ. ಜೊತೆಗೆ ಎರಡನೇ ಹೆಸರನ್ನೂ ಅಷ್ಟೇ ಓದಿಕೊಂಡು ಇಟ್ಟುಕೊಳ್ಳಿ. ಕೊನೆಯ ವಾರ ಮೊದಲನೆಯವರು ಕಣದಲ್ಲಿದ್ದಾರಾ, ಗೆರೆಯ ಹತ್ತಿರವಾದರೂ ಇದ್ದಾರಾ ನೋಡಿ. ಇಲ್ಲ ಅಂದರೆ ಎರಡನೆಯವರಿಗೆ ಹಾಕಿ. ಇದರಲ್ಲಿ ಮನಸ್ಸಿಗೆ ಮೋಸ ಏನೂ ಇಲ್ಲ.

ಸನ್ನಿವೇಲ್‌ನಿಂದ

ಹೌದು, ಇದು ನಾನು ಹೇಳಬೇಕಿತ್ತು. 2020ರಲ್ಲಿ ನಮ್ಮ ರಾಜ್ಯದಲ್ಲಿ ಒಟ್ಟಾರೆ ಶೇ. 15 ದಾಟಿದ್ದು ಬರ್ನಿ ಸ್ಯಾಂಡರ್ಸ್ ಮತ್ತು ಬೈಡನ್ ಇಬ್ಬರೇ. ವಾರನ್, ಮೈಕ್ ಬ್ಲೂಮ್‌ಬರ್ಗ್ ಇಬ್ಬರಿಗೂ ಸ್ವಲ್ಪದರಲ್ಲಿ ತಪ್ಪಿಹೋಯಿತು.

ನ್ಯೂಜೆರ್ಸಿ, ಎಡಿಸನ್‌ನಿಂದ

ನಮ್ಮ ಪ್ರೈಮರಿ ಜೂನ್‌ನಲ್ಲಿ. ಅಷ್ಟೊತ್ತಿಗೆ ಸಾಮಾನ್ಯವಾಗಿ ಎಲ್ಲ ತೀರ್ಮಾನ ಆಗಿರುತ್ತದೆ. ನಿಮ್ಮದು ಮಾರ್ಚ್, ಪುಣ್ಯ ಮಾಡಿದ್ದೀರಿ. ಆದರೂ ನಾನು ಒಂದನ್ನೂ ತಪ್ಪಿಸಿಲ್ಲ.

ಒಂದು ವಿಷಯ ತಿಳಿದಿರಲಿ. ನಾವು ಅಸಲಿಗೆ ಆರಿಸುವುದು ಸಮಾವೇಶಕ್ಕೆ ಹೋಗುವ ಡೆಲಿಗೇಟ್‌ಗಳನ್ನು. 2024ರ ಜೂನ್ 4ಕ್ಕೆ ನಾನು ಬೈಡನ್‌ಗೆ ಹಾಕಿದೆ. ಜುಲೈ 21ಕ್ಕೆ ಅವರು ಹಿಂದೆ ಸರಿದರು. ಆಮೇಲೆ ಕಮಲಾ ಹ್ಯಾರಿಸ್ ಅವರನ್ನು ಅಭ್ಯರ್ಥಿ ಮಾಡಿದ್ದು ಆ ಡೆಲಿಗೇಟ್‌ಗಳೇ, ಆಗಸ್ಟ್‌ನಲ್ಲಿ, ಆನ್‌ಲೈನ್ ಮತದಾನದಲ್ಲಿ. ಇನ್ನೊಮ್ಮೆ ಪ್ರೈಮರಿ ನಡೆಯಲಿಲ್ಲ.

ಟೆಕ್ಸಾಸ್, ಆಸ್ಟಿನ್‌ನಿಂದ

ನಮ್ಮಲ್ಲಿ ಪಕ್ಷದ ನೋಂದಣಿಯೇ ಇಲ್ಲ. ಮತಗಟ್ಟೆಗೆ ಹೋಗಿ ಯಾವ ಬ್ಯಾಲಟ್ ಬೇಕು ಅಂತ ಹೇಳಿದರೆ ಸಾಕು. 2024ರಲ್ಲಿ ನಾನು ರಿಪಬ್ಲಿಕನ್ ಬ್ಯಾಲಟ್ ಕೇಳಿ ನಿಕ್ಕಿ ಹೇಲಿಗೆ ಹಾಕಿದೆ. ನಿಜವಾಗಿ ಅವರೇ ಬೇಕು ಅಂತ ಹಾಕಿದ್ದು. ಮಾರನೇ ದಿನ, ಮಾರ್ಚ್ 6ಕ್ಕೆ ಅವರು ಕಣ ಬಿಟ್ಟರು. ಆದರೂ ನನಗೆ ಪಶ್ಚಾತ್ತಾಪ ಇಲ್ಲ. ಒಂದು ಪಕ್ಷದ ಪ್ರೈಮರಿಗೆ ಹೋದರೆ ಆ ವರ್ಷ, ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದಾಗ ನಡೆಯುವ ಇನ್ನೊಂದು ಪಕ್ಷದ ಎರಡನೇ ಸುತ್ತಿಗೆ ಹೋಗುವ ಹಾಗಿಲ್ಲ. ನಮ್ಮ ರಾಜ್ಯಕ್ಕೆ ಬರುವವರು ಇದನ್ನು ನೆನಪಿಡಿ.

ಮಿಷಿಗನ್, ನೋವೈಯಿಂದ

ಅಧ್ಯಕ್ಷರ ಪ್ರೈಮರಿ ಒಂದೇ ಅಲ್ಲ, ಕೆಳಗಿನ ಸ್ಥಾನಗಳ ಪ್ರೈಮರಿಗೂ ಹೋಗಿ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್ ಕಡೆಯ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿ ಗೆದ್ದದ್ದು ಶೇ. 30ಕ್ಕಿಂತ ಕಡಿಮೆ ಮತದಲ್ಲಿ. ಜನ ಜಾಸ್ತಿ ನಿಂತಾಗ ಒಂದೊಂದು ವೋಟಿಗೂ ಎಷ್ಟು ಬೆಲೆ ನೋಡಿ.

ಚಿಕಾಗೊ ಹತ್ತಿರದಿಂದ

ನಾನು ಇನ್ನೂ ಗ್ರೀನ್ ಕಾರ್ಡ್. ವೋಟಿಲ್ಲ. ಆದರೆ ಸ್ವಯಂಸೇವಕನಾಗಿ ಫೋನ್ ಮಾಡಬಹುದು, ಮಾಡಿದ್ದೇನೆ. ಒಮ್ಮೆ ಆ ಕಡೆಯ ಅಜ್ಜಿ ನನ್ನ ಹೆಸರು ಕೇಳಿ ಕನ್ನಡಕ್ಕೆ ತಿರುಗಿಕೊಂಡರು, ಅರ್ಧ ಗಂಟೆ ಮಾತಾಯಿತು. ಇಲ್ಲಿ ಓದುತ್ತಿರುವ ಗ್ರೀನ್ ಕಾರ್ಡಿನವರಿಗೆ ಒಂದು ಎಚ್ಚರಿಕೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ನೋಂದಣಿ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ. ಸಿಟಿಜನ್ ಆಗುವ ಮೊದಲು ನೋಂದಾಯಿಸಿದರೆ ಮುಂದೆ ಸಿಟಿಜನ್‌ಶಿಪ್ಪಿಗೇ ಕುತ್ತು.

ಸ್ಯಾನ್ ಹೋಸೆಯಿಂದ, ಪ್ರಶ್ನೆ ಕೇಳಿದವಳು

ಇಷ್ಟೆಲ್ಲ ಹೇಳಿಕೊಟ್ಟಿರಿ, ತುಂಬಾ ಧನ್ಯವಾದ. ನೋಂದಣಿ ಮುಗಿಸಿದೆ, ಪಕ್ಷವನ್ನೂ ಬರೆದೆ. ನಮ್ಮವರಿಗೂ ನನಗೂ ಒಂದು ಒಪ್ಪಂದ ಆಗಿದೆ. ಇಬ್ಬರೂ ಎರಡೆರಡು ಹೆಸರು ಓದಿಕೊಳ್ಳುವುದು, ಬ್ಯಾಲಟ್ ಕೊನೆಯ ಶನಿವಾರದ ತನಕ ದೇವರ ಗೂಡಿನ ಪಕ್ಕದಲ್ಲಿ ಇಡುವುದು.

ಒಂದು ಚಿಕ್ಕ ಅನುಮಾನ ಉಳಿದಿದೆ. ನನ್ನ ಸಹಿ ಕನ್ನಡದಲ್ಲಿದೆ. ಬ್ಯಾಲಟ್ ಕವರಿನ ಮೇಲೆ ಅದೇ ನಡೆಯುತ್ತದಾ?

ಸನ್ನಿವೇಲ್‌ನಿಂದ

ನಡೆಯುತ್ತದೆ ಅಕ್ಕಾ. ನೋಂದಣಿಯಲ್ಲಿ ಯಾವ ಸಹಿ ಹಾಕಿದ್ದೀರೋ ಅದಕ್ಕೆ ಹೊಂದಬೇಕು, ಅಷ್ಟೇ. ನಾನು ಕನ್ನಡದಲ್ಲೇ ಹಾಕುವುದು.