ಮಾರ್ಚ್ ಕೊನೆಯ ವಾರ ಮಕ್ಕಳೊಂದಿಗೆ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್: ಹೂಮಳೆಗೆ ಮೊದಲು ಹೋಗಿಬರಬಹುದೇ?

ಪ್ರಶ್ನೆ: ಮೂಡಿಗೆರೆಯ ಬೆಳೆಗಾರ್ತಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಕಾಫಿ ತೋಟ. ರೊಬಸ್ಟಾ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬಿದ ಮೇಲೆ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬೀಳುವವರೆಗೆ ಸಿಗುವ ಕೆಲವು ದಿನಗಳೇ ನಮಗೆ ವರ್ಷದ ಬಿಡುವು. ಮಕ್ಕಳು ಸಿಬಿಎಸ್‌ಇ ಶಾಲೆಯಲ್ಲಿ ಓದುತ್ತಿದ್ದು, ಮಾರ್ಚ್ ಮೂರನೆಯ ವಾರದಲ್ಲಿ ಅವರ ಪರೀಕ್ಷೆ ಮುಗಿಯುತ್ತದೆ. ಮಗಳಿಗೆ 11 ವರ್ಷ, ಮಗನಿಗೆ 7 ವರ್ಷ. ಇಬ್ಬರಿಗೂ ಹಿಮದ ಮೇಲೆ ಸ್ಕೀ ಕಲಿಯುವ ಆಸೆ ಬಹಳ ದಿನಗಳಿಂದ ಇದೆ. 66 ವರ್ಷದ ನಮ್ಮ ಅತ್ತೆಯವರೂ ಬರುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ.

ಮಾರ್ಚ್ ಕೊನೆಯ ವಾರದಲ್ಲಿ ಗುಲ್ಮಾರ್ಗ್‌ನಲ್ಲಿ ಕಲಿಯುವಷ್ಟು ಹಿಮ ಉಳಿದಿರುತ್ತದೆಯೇ? ಉತ್ತರಾಖಂಡದ ಔಲಿ ಇದಕ್ಕಿಂತ ಉತ್ತಮವೇ? ಅತ್ತೆಯವರನ್ನು ಕರೆದೊಯ್ಯುವುದು ಸರಿಯೇ? ಮಳೆ ಅರ್ಧಂಬರ್ಧ ಬಿದ್ದರೆ ಕೂಡಲೇ ಸ್ಪ್ರಿಂಕ್ಲರ್ ಹಾಕಿ ನೀರು ಪೂರೈಸದಿದ್ದರೆ ಹೂವು ಕೆಡುತ್ತದೆ. ಹಾಗಾಗಿ ನಮ್ಮವರು ಕೊನೆಯ ಗಳಿಗೆಯಲ್ಲಿ ತೋಟದಲ್ಲೇ ಉಳಿಯಬೇಕಾಗಬಹುದು ಎಂಬುದನ್ನೂ ಗಮನದಲ್ಲಿಟ್ಟು ತಿಳಿಸಿ.

ಉತ್ತರ 1: ಹಾಸನದಿಂದ

ನಾವು ಎರಡು ವರ್ಷಗಳ ಹಿಂದೆ ಇದೇ ವಾರದಲ್ಲಿ, 9 ಮತ್ತು 12 ವರ್ಷದ ಮಕ್ಕಳೊಂದಿಗೆ ಗುಲ್ಮಾರ್ಗ್‌ಗೆ ಹೋಗಿದ್ದೆವು. ಹಿಮವಿತ್ತು. ಆದರೆ ಆ ಕಾಲದಲ್ಲಿ ಹಿಮದ ಹದ ಗಂಟೆಗೊಮ್ಮೆ ಬದಲಾಗುತ್ತದೆ ಎಂಬುದು ನಮಗೆ ತಿಳಿದಿರಲಿಲ್ಲ. ಹಾಗಾಗಿ ಮೊದಲ ದಿನವನ್ನು ಪೂರ್ತಿ ಕಳೆದುಕೊಂಡೆವು.

ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗಿನ ಜಾವ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಬಿಸಿಲು ಏರಿದಂತೆ ಮೇಲಿನ ಒಂದೆರಡು ಅಂಗುಲ ಸಡಿಲಗೊಂಡು, ದಪ್ಪ ರವೆಯಂತೆ ಬಿಡಿಬಿಡಿಯಾದ ಹರಳುಗಳಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹದ ಇನ್ನೊಂದಿಲ್ಲ: ಸ್ಕೀ ತಿರುಗಿಸಿದ ಕಡೆಗೆ ತಿರುಗುತ್ತದೆ, ಬಿದ್ದರೂ ಪೆಟ್ಟು ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಅದೇ ಹಿಮ ನೀರು ಕುಡಿದು, ನಾಟಿಗೆ ಹದ ಮಾಡಿದ ಗದ್ದೆಯ ಕೆಸರಿನಂತಾಗಿ ಸ್ಕೀಯನ್ನು ಹಿಡಿದು ನಿಲ್ಲಿಸುತ್ತದೆ, ಮತ್ತು ಮಕ್ಕಳ ಮೊಣಕಾಲು ತಿರುಚಿಕೊಳ್ಳುವ ಅಪಾಯ ಹೆಚ್ಚುತ್ತದೆ. ನಾವು ಶ್ರೀನಗರದಲ್ಲಿ ಉಳಿದುಕೊಂಡು, ತಿಂಡಿ ಮುಗಿಸಿ, ಸುಮಾರು 50 ಕಿಲೋಮೀಟರ್ ದಾರಿ ಸವೆಸಿ, ಟಂಗ್‌ಮಾರ್ಗ್‌ನಲ್ಲಿ ಬಾಡಿಗೆ ಬೂಟು ಹುಡುಕಿ, ಕೊನೆಯ 13 ಕಿಲೋಮೀಟರ್ ಘಾಟಿ ಹತ್ತಿ ಇಳಿಜಾರಿಗೆ ತಲುಪಿದಾಗ ಹನ್ನೆರಡೂವರೆ ಆಗಿತ್ತು. ಮಗಳು ಹತ್ತು ಹೆಜ್ಜೆಗೊಮ್ಮೆ ಬಿದ್ದು ಅತ್ತಳು. ಅವಳಿಗೆ ಈ ಆಟ ಆಗಿಬರುವುದಿಲ್ಲವೆಂದು ನಾನು ಆವತ್ತು ತಪ್ಪಾಗಿ ತಿಳಿದೆ.

ಮರುದಿನ ಗುಲ್ಮಾರ್ಗ್‌ನಲ್ಲಿಯೇ ಕೋಣೆ ಹಿಡಿದೆವು. ಒಂಬತ್ತಕ್ಕೆಲ್ಲ ಸಜ್ಜಾಗಿ ನಿಂತು, ಹನ್ನೆರಡಕ್ಕೆ ಸ್ಕೀ ಬಿಚ್ಚಿಡುವ ನಿಯಮ ಮಾಡಿಕೊಂಡೆವು. ತುದಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿ ವೇಗ ತಗ್ಗಿಸುವ ವಿಧಾನವನ್ನು ಇಬ್ಬರೂ ಎರಡನೆಯ ಬೆಳಿಗ್ಗೆಯೇ ಕಲಿತರು. ಮೂರನೆಯ ದಿನ ಯಾರ ಕೈಯನ್ನೂ ಹಿಡಿಯದೆ ಕೆಳಗಿಳಿದು ಬಂದ ಮಗಳ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ನನ್ನ ಮುಖ್ಯ ಸಲಹೆ ಇದೊಂದೇ: ಮೇಲೆಯೇ ಉಳಿದುಕೊಳ್ಳಿ, ಬೆಳಗಿನ ಮೂರು ಗಂಟೆಯನ್ನು ಮಾತ್ರ ಸ್ಕೀಗೆ ಕೊಡಿ, ಮಧ್ಯಾಹ್ನವನ್ನು ವಿಶ್ರಾಂತಿಗೆ ಬಿಡಿ.

ಹಿಮದ ಪ್ರಮಾಣದ ಬಗ್ಗೆ ಹೇಳುವುದಾದರೆ, ಈಚಿನ ವರ್ಷಗಳಲ್ಲಿ ಅದು ತಡವಾಗಿ ಬೀಳುತ್ತಿದೆ. 2024ರ ಜನವರಿಯ ಬಹುಭಾಗ ಗುಲ್ಮಾರ್ಗ್ ಬರಿದಾಗಿತ್ತು. 2025ರಲ್ಲಿ ಹಿಮ ಸಾಲದೆ, ಫೆಬ್ರುವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಮಾರ್ಚ್ 9ಕ್ಕೆ ಮುಂದೂಡಲಾಯಿತು. ಕೆಳಗಿನ ಬಯಲಿನಲ್ಲಿ ತೆಳುವಾಗಿದ್ದರೆ ಗೊಂಡೋಲಾದ (ಕೇಬಲ್ ಕಾರಿನ) ಮೊದಲ ಹಂತದಲ್ಲಿ, ಸುಮಾರು 3,100 ಮೀಟರ್ ಎತ್ತರದಲ್ಲಿರುವ ಕೊಂಗ್‌ಡೋರಿಯಲ್ಲಿ ವಿಚಾರಿಸಿ. ಔಲಿ ಸುಂದರವಾದ ಜಾಗ, ನಂದಾದೇವಿ ಶಿಖರ ಎದುರಿಗೇ ಕಾಣುತ್ತದೆ. ಆದರೆ ಅದು ಗುಲ್ಮಾರ್ಗ್‌ಗಿಂತ ದಕ್ಷಿಣಕ್ಕಿರುವುದರಿಂದ ಮಾರ್ಚ್ ಕೊನೆಗೆ ಅದನ್ನು ನೆಚ್ಚಿಕೊಂಡು ಟಿಕೆಟ್ ಮಾಡಿಸಲು ನನಗೆ ಧೈರ್ಯ ಸಾಲದು. ಔಲಿಯ ಕೆಳಗಿರುವ ಜೋಶಿಮಠ ಪಟ್ಟಣದಲ್ಲಿ ನೆಲ ಕುಸಿದ ಕಾರಣ ಅಲ್ಲಿನ ರೋಪ್‌ವೇಯನ್ನು 2023ರ ಜನವರಿಯಲ್ಲಿ ನಿಲ್ಲಿಸಿದ್ದರು ಎಂಬುದೂ ನೆನಪಿರಲಿ.

ಇನ್ನೊಂದು ಮಾತು. ಹೊರರಾಜ್ಯಗಳ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಯಜಮಾನರು ತೋಟದಲ್ಲೇ ಉಳಿಯುವುದಾದರೆ ನಿಮ್ಮ ಬಳಿ ಪೋಸ್ಟ್‌ಪೇಯ್ಡ್ ಸಂಖ್ಯೆ ಇರಲೇಬೇಕು.

ಉತ್ತರ 2: ಬೇಲೂರಿನ ನಿವೃತ್ತ ಶುಶ್ರೂಷಕಿ

ಅತ್ತೆಯವರ ವಿಷಯವಾಗಿ ಬರೆಯುತ್ತಿದ್ದೇನೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಗುಲ್ಮಾರ್ಗ್‌ನಲ್ಲಿ ರಾತ್ರಿ ಮಲಗುವ ಜಾಗವೇ ಅದಕ್ಕಿಂತ 700 ಮೀಟರಿನಷ್ಟು ಮೇಲಿದೆ. ಗೊಂಡೋಲಾದ ಎರಡನೆಯ ಹಂತ ತಲುಪುವ ಅಫರ್ವತ್ ಸುಮಾರು 3,950 ಮೀಟರ್, ಅಂದರೆ ಮುಳ್ಳಯ್ಯನಗಿರಿಯ ಎರಡರಷ್ಟನ್ನೂ ಮೀರುತ್ತದೆ. ಸುಮಾರು 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಅವರು ಹೊರಡುವ ಮೊದಲು ತಮ್ಮ ವೈದ್ಯರನ್ನು ಕಾಣಲಿ, ಒಂದು ರಾತ್ರಿ ಶ್ರೀನಗರದಲ್ಲಿ ಕಳೆದು ಮೇಲೆ ಹೋಗಲಿ, ಮೊದಲ ಹಂತದವರೆಗೆ ಹೋಗಿ ಹಿಮ ನೋಡಿ ತೃಪ್ತಿಪಡಲಿ. ಎರಡನೆಯ ಹಂತ ಅವರಿಗೂ ಬೇಡ, ಏಳು ವರ್ಷದ ಮಗುವಿಗೂ ಬೇಡ. ತಲೆನೋವು ಏರುತ್ತಲೇ ಹೋದರೆ ಮಾತ್ರೆ ನುಂಗಿ ಕಾಯದೆ ಕೆಳಗಿಳಿಯಬೇಕು.

ಬಿಸಿಲನ್ನು ಹಗುರವಾಗಿ ಎಣಿಸಬೇಡಿ. ಪ್ರತಿ 1,000 ಮೀಟರ್ ಏರಿದಾಗ ನೇರಳಾತೀತ ಕಿರಣಗಳ ತೀಕ್ಷ್ಣತೆ ಶೇ. 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅವುಗಳಲ್ಲಿ ಶೇ. 80ರವರೆಗೂ ಮರಳಿ ಎಸೆಯುತ್ತದೆ. ಗದ್ದ ಮತ್ತು ಮೂಗಿನ ಕೆಳಭಾಗಕ್ಕೂ ಸನ್‌ಸ್ಕ್ರೀನ್ ಹಚ್ಚಿ, ಮಕ್ಕಳ ಕಣ್ಣಿಗೆ ಒಳ್ಳೆಯ ಗಾಗಲ್ಸ್ ಇಲ್ಲದೆ ಒಂದು ಗಂಟೆಯೂ ಬಿಡಬೇಡಿ.

ಉತ್ತರ 3: ಚಿಕ್ಕಮಗಳೂರಿನಿಂದ

ನಮ್ಮ ಮನೆಯಲ್ಲಿ 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಹಿರಿಯರು ಕಾಶ್ಮೀರಕ್ಕೆ ಒಪ್ಪಲಿಲ್ಲ, ಅವರ ಮನಸ್ಸು ನೋಯಿಸಿ ಹೋಗಲು ನಮಗೂ ಇಷ್ಟವಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ಆತಂಕವಿದ್ದರೆ ಕಜಕಸ್ತಾನದ ಅಲ್ಮಾಟಿ ಬಳಿಯ ಶಿಂಬುಲಾಕ್ ಬಗ್ಗೆ ಯೋಚಿಸಿ. ಭಾರತೀಯರು ಅಲ್ಲಿ 14 ದಿನ ವೀಸಾ ಇಲ್ಲದೆ ಇರಬಹುದು. ನಗರದಲ್ಲಿ ಉಳಿದುಕೊಂಡು ಮೆದೆಯೂನಿಂದ ಗೊಂಡೋಲಾದಲ್ಲಿ 2,260 ಮೀಟರ್ ಎತ್ತರದ ತಾಣಕ್ಕೆ ಹೋಗಬಹುದು. ಖರ್ಚು ಹೆಚ್ಚು, ಆದರೆ ಅತ್ತೆಯವರಿಗೆ ರಾತ್ರಿ ಎತ್ತರದಲ್ಲಿ ಮಲಗುವ ತೊಂದರೆ ಇರುವುದಿಲ್ಲ.

ಮೂಡಿಗೆರೆಯ ಬೆಳೆಗಾರ್ತಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮನೆಯಲ್ಲಿ ಮಾತನಾಡಿದೆವು. ಗುಲ್ಮಾರ್ಗ್‌ನಲ್ಲಿಯೇ ನಾಲ್ಕು ರಾತ್ರಿ ಉಳಿಯುವುದೆಂದು ನಿಶ್ಚಯವಾಗಿದೆ, ಅತ್ತೆಯವರು ಈ ವಾರ ವೈದ್ಯರನ್ನು ಕಾಣುತ್ತಾರೆ. ನಮ್ಮವರ ಟಿಕೆಟನ್ನು ಮಾತ್ರ ದಿನಾಂಕ ಬದಲಿಸಬಹುದಾದ ದರದಲ್ಲಿ ತೆಗೆಯುತ್ತೇವೆ. ಒಂದು ಸಣ್ಣ ಸಂದೇಹ ಉಳಿದಿದೆ: ಮಕ್ಕಳು ಎರಡೆರಡು ಜೊತೆ ದಪ್ಪ ಕಾಲುಚೀಲ ಹಾಕಬೇಕೇ, ಮತ್ತು ಅತ್ತೆಯವರಿಗೆ ತೋಟದ ಗಂಬೂಟು ಸಾಕೇ?

ಉತ್ತರ: ಹಾಸನದಿಂದ

ಮಕ್ಕಳಿಗೆ ಮೊಣಕಾಲಿನವರೆಗೆ ಬರುವ, ತೆಳುವಾದ ಉಣ್ಣೆಯ ಒಂದೇ ಜೊತೆ ಹಾಕಿ. ಎರಡು ಹಾಕಿದರೆ ಸ್ಕೀ ಬೂಟಿನೊಳಗೆ ಮಡಿಕೆ ಬಿದ್ದು ಗುಳ್ಳೆಯೇಳುತ್ತದೆ, ರಕ್ತ ಸರಿಯಾಗಿ ಹರಿಯದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಟಂಗ್‌ಮಾರ್ಗ್‌ನಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದೂ ಗಂಬೂಟನ್ನೇ ಆದ್ದರಿಂದ, ಅತ್ತೆಯವರ ಕಾಲಿಗೆ ಒಗ್ಗಿದ ತೋಟದ ಜೊತೆಯನ್ನೇ ತನ್ನಿ. ಉಣ್ಣೆಯ ಕಾಲುಚೀಲಕ್ಕೆ ಒಳಗೆ ಜಾಗವಿದೆಯೇ, ಅಡಿಯ ಗೆರೆಗಳು ಸವೆದಿಲ್ಲವೇ ಎಂದು ಈಗಲೇ ನೋಡಿ. ಬೆಳಗಿನ ಗಟ್ಟಿ ಹಿಮದ ಮೇಲೆ ಮಾತ್ರ ಗಂಬೂಟು ಜಾರುತ್ತದೆ, ಆದುದರಿಂದ ಹತ್ತು ಗಂಟೆಯವರೆಗೆ ಅವರು ಕೋಣೆಯಲ್ಲಿಯೇ ಇರಲಿ.